ಅಜ್ಜಿಯ ಗ್ಲಾಸ್ಗೋ ಮಾತು

ನನ್ನ ಅಜ್ಜೀ,

ಇವತ್ತು ಬೆಳಗಿನಿಂದ ಅಮೆರಿಕದ ಈ ಪ್ಲೇನ್ಸ್‌ಬರೋದಲ್ಲಿ ನಿನ್ನ ಡ್ರೀಖ್ ಹವಾ. ಮಳೆ ಅನ್ನೋ ಹಾಗಿಲ್ಲ, ಮಂಜು ಅನ್ನೋ ಹಾಗಿಲ್ಲ, ಎದುರಿನ ಅಪಾರ್ಟ್‌ಮೆಂಟುಗಳೆಲ್ಲ ಎಲ್ಲೋ ತೇಲಿಹೋದ ಹಾಗಿವೆ. ಇಂಥ ದಿನ ನೀನು ಚಹಾ ಹಿಡಿದು ಕಿಟಕಿ ಹತ್ತಿರ ಕೂತು, "ಡ್ರೀಖ್ ಅದ ನೋಡವ್ವಾ" ಅಂತಿದ್ದೆ. ಆಗ ನಿನ್ನ ಕಣ್ಣಿಗೆ ಕಾಣ್ತಿದ್ದದ್ದು ಧಾರವಾಡವೋ, ಗ್ಲಾಸ್ಗೋನೋ?

ನಾನು ಚಿಕ್ಕವಳಿದ್ದಾಗಿನ ಭಾನುವಾರದ ಕನ್ನಡ ಕ್ಲಾಸ್ ನೆನಪಿದೆಯಾ? ಕಲಿಸೋ ಆಂಟಿ ತೊಟ್ಟಿಲ ಮಗುವಿನ ಚಿತ್ರ ತೋರಿಸಿ, ಕನ್ನಡದಲ್ಲಿ ಏನಂತಾರೆ ಅಂದ್ರು. ನಾನೇ ಮೊದಲು ಕೈ ಎತ್ತಿ "ಬೇರ್ನ್" ಅಂದೆ. ಅದು ಕನ್ನಡವೇ ಅಲ್ಲ ಅಂದಾಗ ಜಗಳಕ್ಕೇ ನಿಂತೆ. ಶಾಲೇಲಿ ಯಾರೂ ಆಡದ ಮಾತು, ನಿನ್ನ ಬಾಯಲ್ಲಿ ದಿನಾ ಕೇಳೋ ಮಾತು, ಕನ್ನಡ ಅಲ್ಲದೆ ಇನ್ನೇನಾಗಿರುತ್ತೆ?

ಮನೆಗೆ ಬಂದು ಹೇಳಿದಾಗ ನೀನು ನಕ್ಕು ನಕ್ಕು ಸೆರಗಲ್ಲಿ ಕಣ್ಣೊರೆಸಿಕೊಂಡೆ. ಹರೆಯದಲ್ಲಿ ಗ್ಲಾಸ್ಗೋದ ಮಕ್ಕಳ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು, ಓದಿದ ಇಂಗ್ಲಿಷ್ ಅಲ್ಲಿ ಉಪಯೋಗಕ್ಕೇ ಬರದೆ ಹೋದದ್ದು, ಹಾಸಿಗೆ ಹಿಡಿದ ಮಕ್ಕಳೇ ನಿನಗೆ ಅಲ್ಲಿನ ಆಡುಮಾತು ಸ್ಕಾಟ್ಸ್ ಕಲಿಸಿದ್ದು, ಎಲ್ಲ ಹೇಳಿದೆ. ಬೇರ್ನ್ ಅಂದ್ರೆ ಮಗು, ವೀ ಅಂದ್ರೆ ಪುಟ್ಟ. ಅಮ್ಮ ಮಾತ್ರ ನಗಲಿಲ್ಲ. ಈ ಹಳ್ಳಿ ಇಂಗ್ಲಿಷ್ ಮಕ್ಕಳಿಗೆ ಬೇಡ, ಎಲ್ಲರೂ ಆಡಿಕೊಳ್ತಾರೆ ಅಂದ್ಳು. ಅವತ್ತಿನಿಂದ ನೀನು ಆ ಮಾತೆಲ್ಲ ನಿಲ್ಲಿಸಿಬಿಟ್ಟೆ. ಡ್ರೀಖ್ ಹವಾನೂ ಬರೀ 'ರೈನಿ' ಆಯ್ತು.

ನಿನ್ನನ್ನ ಸೇರಿಸಿದ್ದ ಆಸ್ಪತ್ರೆಯ ಆ ಮಧ್ಯಾಹ್ನ... ನಿನ್ನ ಕೈ ಹಿಡಿದು ಅಳ್ತಾ ಕೂತಿದ್ದೆ. ನಿದ್ದೆಯೋ ಎಚ್ಚರವೋ ಗೊತ್ತಾಗದ ದನಿಯಲ್ಲಿ, ಅಷ್ಟು ವರ್ಷದ ಮೇಲೆ, ನೀನು "ಅಳಬ್ಯಾಡ, ನನ್ನ ವೀ ಬೇರ್ನ್" ಅಂದೆ. ಆಮೇಲೆ ನೀನು ಮಾತೇ ಆಡಲಿಲ್ಲ.

ಅದನ್ನೇ ಇಂಗ್ಲಿಷಿನಲ್ಲಿ ಕಥೆಯಾಗಿ ಬರೆದೆ. ಕಳಿಸಿದ ಪತ್ರಿಕೆಯ ಸಂಪಾದಕಿ ಮೆಚ್ಚಿಕೊಂಡ್ರು. ಆದರೆ ಕನ್ನಡದ ಅಜ್ಜಿ ಸ್ಕಾಟ್ಸ್ ಆಡಿದ್ರೆ ಯಾರೂ ನಂಬಲ್ಲ, ಆ ಪದಗಳನ್ನ ತೆಗೆದು ಸಾದಾ ಇಂಗ್ಲಿಷ್ ಹಾಕಿ ಅಂದ್ರು. ಮೈಯೆಲ್ಲ ಉರೀತು, ಅಜ್ಜೀ. ನಿನ್ನ ಬಾಯಿ ಇನ್ನೆಷ್ಟು ಸಲ ಮುಚ್ಚಿಸೋದು? ಆ ಪದಗಳು ಹೋದ್ರೆ ಕಥೆಯೂ ಬೇಡ ಅಂತ ಬರೆದೆ. ನನ್ನ ಮೊದಲ ಕಥೆ, ಕೈತಪ್ಪಿತು ಅಂತಲೇ ಅಂದುಕೊಂಡೆ.

ನಿನ್ನೆ ಉತ್ತರ ಬಂತು. ಒಂದಕ್ಷರವೂ ಬದಲಿಸಲ್ವಂತೆ. ಅಮ್ಮನಿಗೆ ಕಥೆ ಓದಿ ಹೇಳಿದೆ. ಓದಿ ಮುಗಿಸಿದ್ದೇ, ಅಜ್ಜಿಯ ಆ ಕೊನೇ ಮಾತು ಇನ್ನೊಂದ್ಸಲ ಓದು ಅಂದ್ಳು.

ನೀನು ನೋಡದ ನನ್ನ ಮಗಳು ಈಗ ಬೊಂಬೆಯನ್ನ ತಟ್ಟಿ ಮಲಗಿಸ್ತಾ "ಅಳಬ್ಯಾಡ, ವೀ ಬೇರ್ನ್" ಅಂತಾಳೆ. ಮುಂದಿನ ಭಾನುವಾರ ಅವಳಿಗೂ ಕನ್ನಡ ಕ್ಲಾಸ್ ಶುರು. ಮಗುವಿನ ಚಿತ್ರ ತೋರಿಸಿದ್ರೆ ಏನಂತಾಳೆ ಅಂತ ನನಗೆ ಗೊತ್ತು. ನಾನಂತೂ ತಿದ್ದಲ್ಲ.