ತಮ್ಮನಿಗೆ ತಂಗಿಯಾದ ನಮ್ಮಜ್ಜಿ

ಮಾನ್ಯ ತಹಶೀಲ್ದಾರರೇ,

ನಮ್ಮ ಅಜ್ಜಿ ಮುದುಕವ್ವನ ವಯಸ್ಸಿನಿಂದ ತಮ್ಮ ಕಚೇರಿ ಹತ್ತು ವರ್ಷ ತೆಗೆದಿಟ್ಟುಕೊಂಡಿದೆ. ಅವನ್ನು ವಾಪಸು ಕೊಡಬೇಕು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕರಲ್ಲಿ ಯಾವ ಕಚೇರಿ ಎಂದು ಇಲ್ಲಿ ಬರೆಯುವುದಿಲ್ಲ. ನಾಲ್ವರೂ ತಮಗೇ ಬರೆದದ್ದೆಂದು ಓದಿಕೊಂಡರೆ ಯಾರಿಗೂ ನಷ್ಟವಿಲ್ಲ.

ಮೊದಲು ನನ್ನ ಯೋಗ್ಯತೆ ಹೇಳಿಬಿಡುತ್ತೇನೆ. ನಾನು ಒಂಬತ್ತನೆಯ ಇಯತ್ತೆಗೆ ಶಾಲೆ ಬಿಟ್ಟವನು. ಬಡತನದಿಂದಲ್ಲ, ಒಂದೇ ಕಡೆ ಕೂರಲು ಆಗದ್ದಕ್ಕೆ. ಆಮೇಲೆ ಸೈಕಲ್ ಅಂಗಡಿ, ಹಿಟ್ಟಿನ ಗಿರಣಿ, ಲಾರಿ ಎಂದು ಮೂರು ವರ್ಷದಲ್ಲಿ ಐದು ಕೆಲಸ ಬಿಟ್ಟಿದ್ದೇನೆ. ಆದರೂ ಶಾಲೆ ನನಗೊಂದು ಹುಟ್ಟಿದ ದಿನ ಕೊಟ್ಟಿದೆ: ಜೂನ್ ಒಂದು. ಅದು ಸುಳ್ಳು. ನಾನು ಹುಟ್ಟಿದ್ದು ಜೋಳದ ಸುಗ್ಗಿಯಲ್ಲಿ. ಹೆಸರು ಹಚ್ಚುವಾಗ ಹೆಡ್‌ಮಾಸ್ತರರು ಊರಿನ ಎಲ್ಲ ಹುಡುಗರಿಗೂ ಅದೇ ದಿನ ಬರೆದರು. ಆ ಸುಳ್ಳನ್ನು ಯಾವ ಕಚೇರಿಯೂ ಇದುವರೆಗೆ ಪ್ರಶ್ನಿಸಿಲ್ಲ, ಏಕೆಂದರೆ ಅದರ ಮೇಲೆ ಶಾಲೆಯ ಸೀಲಿದೆ.

ವೃದ್ಧಾಪ್ಯ ವೇತನಕ್ಕೆ ಅರವತ್ತೈದು ತುಂಬಿರಬೇಕು, ತುಂಬಿದ್ದಕ್ಕೆ ಶಾಲೆಯ ದಾಖಲೆ ಬೇಕು ಎಂದರು ತಮ್ಮ ಗುಮಾಸ್ತರು. ಕಲಿತು ನೌಕರಿ ಮಾಡಿದವರಿಗೆ ಮುಪ್ಪು ಸರ್ಕಾರಿ ಆದೇಶದಿಂದಲೇ ಬರುತ್ತದೆ. ಹಾರ ಹಾಕಿ, ಪೇಡೆ ಹಂಚಿ, ಪಿಂಚಣಿ ಗೊತ್ತುಮಾಡಿ ಮನೆಗೆ ಕಳಿಸುತ್ತಾರೆ. ಆ ಭಾಗ್ಯ ಇಲ್ಲದವರಿಗಾಗಿ ತಾನೇ ಈ ವೇತನ? ಶಾಲೆ ಕಾಣದ್ದಕ್ಕೆ ಬಡವಿಯಾದವಳು ತನ್ನ ಬಡತನದ ಪರಿಹಾರಕ್ಕೆ ಶಾಲೆಯಿಂದಲೇ ಚೀಟಿ ತರಬೇಕೇ? ಹಾಗೆ ನೋಡಿದರೆ ಅಜ್ಜಿ ಮೂರು ವರ್ಷ ದಿನಾಲೂ ಶಾಲೆಗೆ ಹೋಗಿದ್ದಾಳೆ, ಅಳುವ ತಮ್ಮ ಕಳಕಪ್ಪನನ್ನು ಸೊಂಟದ ಮೇಲೆ ಹೊತ್ತುಕೊಂಡು. ಅವನನ್ನು ಒಳಗೆ ಬಿಟ್ಟು, ಅಳು ನಿಲ್ಲುವತನಕ ಬಾಗಿಲ ಹೊರಗೆ ಕೂತು, ಆಮೇಲೆ ಹೊಲಕ್ಕೆ ಹೋಗುತ್ತಿದ್ದಳು. ಹಾಜರಿಯಲ್ಲಿ ಹೊತ್ತವಳ ಹೆಸರಿಲ್ಲ, ಹೊರಿಸಿಕೊಂಡವನ ಹೆಸರಿದೆ. ಆ ಮೂರು ವರ್ಷದ ಓದಿನಿಂದ ಕಳಕಪ್ಪಜ್ಜನಿಗೆ ವಯಸ್ಸು ಅರವತ್ತೇಳು ಎಂಬ ಅಚ್ಚಿನ ಫಾರ್ಮು ಸಿಕ್ಕಿತು. ತಿಂಗಳು ತಿಂಗಳು ವೇತನದ ಮನಿಯಾರ್ಡರು ಬರುತ್ತಿದೆ.

ಅಜ್ಜಿಗೆ ಸಿಕ್ಕಿದ್ದು ನಿಜಾಮರ ಕಾಲದ ಪಟೇಲರ ದಫ್ತರದಲ್ಲಿದ್ದ ಒಂದು ಉರ್ದು ಹಾಳೆ. ನಿವೃತ್ತ ಮಾಸ್ತರ ಮದಾರಸಾಬರು ಅದನ್ನು ಓದಿ ಕನ್ನಡದಲ್ಲಿ ‘ಜನನ ಸನ್ ೧೩೨೨ ಫಸಲಿ’ ಎಂದು ಬರೆದುಕೊಟ್ಟರು. ಫಸಲಿ ಎಂದರೆ ನಿಜಾಮರ ಕಂದಾಯದ ವರ್ಷ, ಅದಕ್ಕೆ ಐದುನೂರಾ ತೊಂಬತ್ತು ಕೂಡಿಸಿದರೆ ಇಸವಿ ಬರುತ್ತದೆ: ೧೯೧೨. ಈಗ ೧೯೮೪, ಅಜ್ಜಿಗೆ ಎಪ್ಪತ್ತೆರಡು. ತಮ್ಮ ಗುಮಾಸ್ತರು ಕೂಡಿಸಲಿಲ್ಲ, ತಿದ್ದಿದರು. ಮುದಿ ಮಾಸ್ತರರ ಕೈತಪ್ಪೆಂದು ತಿಳಿದು ಹದಿಮೂರನ್ನು ಕೆಂಪು ಶಾಯಿಯಲ್ಲಿ ಹತ್ತೊಂಬತ್ತು ಮಾಡಿದರು. ಹುಟ್ಟಿದ್ದು ೧೯೨೨, ವಯಸ್ಸು ಅರವತ್ತೆರಡು, ಅರ್ಜಿ ವಜಾ. ೧೩೨೨ನ್ನೇ ಇಸವಿ ಎಂದು ಓದಿ ತಿದ್ದದೆ ಬಿಟ್ಟಿದ್ದರೂ ಆಗುತ್ತಿತ್ತು. ವಿಜಯನಗರದ ಅರಸರಿಗಿಂತ ಹಿರಿಯಳಾದ ಮುದುಕಿಯನ್ನು ನೋಡಲು ನಮ್ಮೂರಿಗೂ ನಾಲ್ಕು ಜನ ಬರುತ್ತಿದ್ದರು.

“ಹೆಸರಾಗಷ್ಟ ಮುದುಕಿ ಅದಿ ನೋಡಬೇ, ವಯಸ್ಸಿನಾಗ ಇನ್ನೂ ಮೂರು ವರ್ಷ ಕಡಿಮಿ ಬೀಳತೈತಿ” ಎಂದರು ಗುಮಾಸ್ತರು.

“ಕಡಿಮಿ ಐತಿ ಅಂತ ನನ್ನ ಮೊಣಕಾಲಿಗೆ ನೀವ ಒಂದು ಮಾತು ಹೇಳ್ರಿ ಸಾಹೇಬ್ರ” ಎಂದಳು ಅಜ್ಜಿ.

ಇವಳ ತಮ್ಮನಿಗೆ ಅರವತ್ತೇಳೆಂದು ಬರೆದವರು ನೀವೇ ಅಲ್ಲವೇ ಎಂದು ನಾನು ಕೇಳಿದೆ. ಅವರು ಫೈಲು ಮಡಿಚುತ್ತ, “ಇಕಿ ಅಂವಗ ಅಕ್ಕ ಅನ್ನಾಕ ದಾಖಲಿ ಏನೈತಿ?” ಎಂದರು.

ಈ ಆದೇಶ ಊರಿಗೆ ತಲುಪಿದ ಮೇಲೆ ಕಳಕಪ್ಪಜ್ಜನಿಗೆ ಕೊಂಬು ಬಂದಿದೆ. ಮನಿಯಾರ್ಡರು ಬಂದ ದಿನ ತಪ್ಪದೆ ನಮ್ಮ ಕಟ್ಟೆಗೆ ಬಂದು ಕಾಲು ಚಾಚಿ, “ಬಾ ತಂಗೆವ್ವ, ಅಣ್ಣಗ ನಮಸ್ಕಾರ ಮಾಡು” ಎನ್ನುತ್ತಾನೆ. “ನಿನ್ನ ಮೂಗು ಒರೆಸಿದ ಸೆರಗು ಇನ್ನೂ ಇಟ್ಟೀನಿ, ದಾಖಲಿಕ್ಕ ತರ್ಲೇನು?” ಎನ್ನುತ್ತಾಳೆ ಅಜ್ಜಿ. ಇಬ್ಬರೂ ನಗುತ್ತಾರೆ. ನಕ್ಕು ಮುಗಿದ ಮೇಲೆ ಅವನು ಚಹಾ ಕುಡಿಯಲು ಹೋಗುತ್ತಾನೆ, ಅವಳು ಕಳೆ ತೆಗೆಯಲು ಹೋಗುತ್ತಾಳೆ. ಎಂಟನೆಯ ವರ್ಷದಿಂದ ಹೋಗುತ್ತಿದ್ದಾಳೆ. ಅರವತ್ತನಾಲ್ಕು ವರ್ಷದ ಸರ್ವಿಸು. ಮೊದಲಾದರೆ ಹೊಲದಿಂದ ಬಂದ ಮೇಲೆ ಕೌದಿಯನ್ನೂ ಹೊಲಿಯುತ್ತಿದ್ದಳು, ಈಗ ಕಣ್ಣಿಗೆ ಸೂಜಿಯ ತೂತು ಕಾಣುವುದಿಲ್ಲ. ತಮ್ಮ ಕಚೇರಿಯಲ್ಲಿ ಇಷ್ಟು ವರ್ಷ ದುಡಿದು, ರಜೆ ಇಲ್ಲದೆ, ಇನ್ನೂ ಹಾಜರಿರುವವರು ಯಾರಾದರೂ ಇದ್ದರೆ ತಿಳಿಸಿ. ನಾನೇ ಹಾರ ತರುತ್ತೇನೆ.

ಆದ್ದರಿಂದ ಅಜ್ಜಿಯ ಫೈಲು ತೆಗೆಸಿ, ಕೆಂಪು ಶಾಯಿಯ ತಿದ್ದುಪಡಿ ಹೊಡೆದುಹಾಕಿ, ಐದುನೂರಾ ತೊಂಬತ್ತು ಕೂಡಿಸಬೇಕು. ಅವಳಂತೆ ಫಸಲಿಯಲ್ಲಿ ಹುಟ್ಟಿದವರ ಅರ್ಜಿಗಳೆಲ್ಲವನ್ನೂ ಹಾಗೆಯೇ ನೋಡಬೇಕು. ಗುಮಾಸ್ತರಿಗೆ ಕಷ್ಟವಾದರೆ ಬಂದು ಕಲಿಸಿಕೊಡುತ್ತೇನೆ. ಅರ್ಧ ಗಂಟೆ ಸಾಕು, ಅಷ್ಟು ಹೊತ್ತು ಒಂದೇ ಕಡೆ ಕೂರಬಲ್ಲೆ. ಬರುವ ಪಂಚಮಿಗೆ ಕಳಕಪ್ಪಜ್ಜ ಉಂಡಿ ತಿನ್ನಲು ನಮ್ಮ ಮನೆಗೆ ಬರುತ್ತಾನೆ. ಅಷ್ಟರೊಳಗೆ ಅಜ್ಜಿಯನ್ನು ಅವನ ಅಕ್ಕನನ್ನಾಗಿ ಮಾಡಿಕೊಡಿ.

ಇಂತಿ,
ಸರ್ಕಾರದ ಪ್ರಕಾರ ಜೂನ್ ಒಂದರಂದು, ಅಜ್ಜಿಯ ಪ್ರಕಾರ ಜೋಳದ ಸುಗ್ಗಿಯಲ್ಲಿ ಹುಟ್ಟಿದ,
ತಿರುಪತಿ