ನಾಲ್ಕು ಲೋಟ ಸೇಬಿನ ರಸ ಮತ್ತು ಒಂದು ನಿರ್ಣಯ

ಅಡುಗೆಮನೆಯ ಮೇಜು (ಒರೆಸಿದ ಅರ್ಧ ಭಾಗ),
ಮೂರನೆಯ ಮಹಡಿ,
ಅಕ್ಟೋಬರ್ ೧೨, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೋದ ಪತ್ರದಲ್ಲಿ ನಿನ್ನನ್ನು ‘ಗೌರವಾನ್ವಿತ ಸಂಗಾತಿ’ ಎಂದು ಕರೆದದ್ದಕ್ಕೆ ಚಿಕ್ಕಮ್ಮ ಕುರ್ಚಿಯಿಂದ ಜಾರುವಷ್ಟು ನಕ್ಕಳೆಂದು ಬರೆದಿದ್ದೀಯ. ಹಾಗಾಗಿ ಈ ಸಲ ಬರೀ ಅಮ್ಮ. ನಿನ್ನ ಮೊಣಕಾಲು ಹೇಗಿದೆ? ಅಲ್ಲಿ ಮೆಟ್ಟಿಲಿಲ್ಲವಲ್ಲ, ಊತ ಇಳಿದಿರಬೇಕು. ರಾತ್ರಿ ಎಣ್ಣೆ ಹಚ್ಚಿಕೋ, ಚಿಕ್ಕಮ್ಮನ ಕೈಲಿ ಹಚ್ಚಿಸಿಕೋ, ನಾಚಿಕೆಪಡಬೇಡ. ನಾವು ಮೂವರೂ ಚೆನ್ನಾಗಿದ್ದೇವೆ. ಅಜ್ಜಿಯ ಕೆಮ್ಮು ಹೋಗಿದೆ, ನಾಲಿಗೆ ಇದ್ದಲ್ಲೇ ಇದೆ. ಅಪ್ಪ ಊರಿನವರ ಲಿಫ್ಟನ್ನೆಲ್ಲ ರಿಪೇರಿ ಮಾಡಿ ಬಂದು ನಮ್ಮ ಮನೆಗೆ ಏದುಸಿರು ಬಿಡುತ್ತ ಮೂರು ಮಹಡಿ ಹತ್ತುತ್ತಾನೆ. ಇದು ಈ ವ್ಯವಸ್ಥೆಯ ಕ್ರೂರ ವ್ಯಂಗ್ಯ ಎಂದು ಹೇಳಿದೆ. “ಮೊದಲು ನೀರು ಕೊಡು, ಆಮೇಲೆ ವ್ಯಂಗ್ಯ” ಎಂದ.

ಗುರುವಾರ ನಿನ್ನ ಪತ್ರ ಬಂದ ಮೇಲೆ ನಿನ್ನೆಯವರೆಗೆ ಮನೆಯಲ್ಲಿ ಯಾರೂ ಅದರ ಮಾತೆತ್ತಿರಲಿಲ್ಲ. ಹದಿನೈದು ದಿನ ವಿಶ್ರಾಂತಿ ತೆಗೆದುಕೋ, ಅಡುಗೆಮನೆ ಸಂಬಳವಿಲ್ಲದ ಕಾರ್ಖಾನೆ ಎಂದು ಗಂಟಲು ಹರಿಯುವಂತೆ ಕೂಗಿ ನಿನ್ನನ್ನು ಚಿಕ್ಕಮ್ಮನ ಊರಿನ ಬಸ್ಸು ಹತ್ತಿಸಿದವಳು ನಾನೇ. ಆರು ವಾರವಾಯಿತು. ಈಗ ನೀನು ಬರೆದಿದ್ದೀಯ: “ಪಕ್ಕದ ಬೇಕರಿಯವರು ವಾರಕ್ಕೆ ನಾಲ್ಕು ದಿನ ಕೆಲಸಕ್ಕೆ ಬಾ ಅಂತಿದಾರೆ. ಏನ್ಮಾಡ್ಲಿ? ಓದಿದವಳು ನೀನು, ಹೇಳು.” ಆ ಒಂದು ಸಾಲಿಗೆ ನಾನು ಮೂರು ಉತ್ತರ ಬರೆದು ಮೂರನ್ನೂ ಹರಿದೆ. ಹರಿದದ್ದರಲ್ಲಿ ಏನಿತ್ತೆಂದು ಕೊನೆಯಲ್ಲಿ ಹೇಳುತ್ತೇನೆ, ಧೈರ್ಯ ಉಳಿದಿದ್ದರೆ.

ನಿನ್ನೆ ಅಜ್ಜಿ, ಗೋಡೆಗೆ ಹೇಳುವಂತೆ, “ಆರು ಭಾನುವಾರ ಆಯ್ತು, ಈ ಮನೇಲಿ ಒಂದು ಡೋನಟ್ ಬೆಂದಿಲ್ಲ” ಎಂದಳು. ನನ್ನ ತಲೆಯಲ್ಲಿ ದೀಪ ಹತ್ತಿತು. ಬಾಯಲ್ಲಿ ಸ್ವಾತಂತ್ರ್ಯ, ಹೊಟ್ಟೆಯಲ್ಲಿ ಅಮ್ಮನ ಡೋನಟ್ — ಇದು ಶುದ್ಧ ಕಪಟ. ಆದ್ದರಿಂದ ಒಂದು ನಿರ್ಣಯ ಮಂಡಿಸಿದೆ: ನಿನ್ನ ಸೇಬಿನ ರಸದ ಡೋನಟ್ಟನ್ನು ನಾವೇ ಮಾಡಬೇಕು. ಸರಿಯಾಗಿ ಬಂದರೆ ನಿನ್ನನ್ನು ತಡೆಯುವ ಹಕ್ಕು ನಮಗಿಲ್ಲ, ಬೇಕರಿಗೆ ಹೋಗು ಎಂದು ಬರೆಯುವುದು. ಬರದಿದ್ದರೆ, ನಾಚಿಕೆ ಬಿಟ್ಟು ಬಾ ಎಂದು ಬರೆಯುವುದು. ಅಪ್ಪ ಬಹಳ ಹೊತ್ತು ತನ್ನ ಉಗುರಿನ ಗ್ರೀಸು ನೋಡಿ ಕೈ ಎತ್ತಿದ. ಅಜ್ಜಿ, “ಹಿಟ್ಟು ಕಲಸೋಕೂ ಎಲೆಕ್ಷನ್ನಾ?” ಎಂದು ತಟಸ್ಥಳಾದಳು.

ಮೊದಲ ತಪ್ಪು ಎಲ್ಲಾಯಿತು ಎಂದು ನೀನು ಈಗಲೇ ಊಹಿಸಿ ತಲೆ ಚಚ್ಚಿಕೊಳ್ಳುತ್ತಿರುತ್ತೀಯ. ಇಂದು ಬೆಳಿಗ್ಗೆ ನಾಲ್ಕು ಲೋಟ ಸೋಸದ ಸೇಬಿನ ರಸ ತಂದಿಟ್ಟೆ. ಅಜ್ಜಿ ಹೇಳಿದ್ದಳು, ನೂರು ಸಲ ಹೇಳಿದ್ದಳು: “ಅವಳು ರಸಾನ ಒಲೆ ಮೇಲಿಟ್ಟು ಬತ್ತಿಸ್ತಿದ್ಲು ಕಣೇ, ತಳದಲ್ಲಿ ಇಷ್ಟೇ ಇಷ್ಟು ಉಳೀತಿತ್ತು.” ನಾನು ಎದ್ದು ನಿಂತೆ. ನಾಲ್ಕು ಲೋಟವನ್ನು ಅರ್ಧ ಲೋಟಕ್ಕೆ ಇಳಿಸುವುದೆಂದರೆ ಹಲವರ ಪಾಲನ್ನು ಬಸಿದು ಒಬ್ಬನ ಬಟ್ಟಲಿಗೆ ಹಾಕುವುದು, ಈ ಒಲೆಯ ಮೇಲೆ ಅದು ನಡೆಯದು ಎಂದೆ. ಮತಕ್ಕೆ ಹಾಕಿದೆವು. ಎರಡಕ್ಕೆ ಒಂದು. ಅಪ್ಪ ನನ್ನ ಪರ ಕೈ ಎತ್ತಿದ್ದು ತತ್ತ್ವಕ್ಕಲ್ಲ, ಹಸಿವಿಗೆ.

ನಾಲ್ಕೂ ಲೋಟ ಸುರಿದೆ. ಪಾತ್ರೆಯಲ್ಲಿ ಹಿಟ್ಟು ತೇಲಿತು. ಇನ್ನಷ್ಟು ಹಿಟ್ಟು ಹಾಕಿದೆ, ಮುಳುಗಿತು. ಮತ್ತಷ್ಟು ಹಾಕಿದೆ. ಪಾತ್ರೆ ಸಾಲದೆ ಬಟ್ಟೆ ನೆನೆಸುವ ಟಬ್ಬಿಗೆ ಬಂದೆವು (ತೊಳೆದಿದ್ದೆ, ಆಣೆ). ಅಪ್ಪ ಮೊಣಕೈವರೆಗೆ ಅದರಲ್ಲಿ ಸಿಕ್ಕಿಕೊಂಡು, “ಮೇಲಕ್ಕೂ ಬರ್ತಿಲ್ಲ, ಕೆಳಕ್ಕೂ ಹೋಗ್ತಿಲ್ಲ” ಎಂದು ಕೆಟ್ಟ ಲಿಫ್ಟಿನ ಬಗ್ಗೆ ಹೇಳುವ ದನಿಯಲ್ಲೇ ಹೇಳಿದ. ಅಜ್ಜಿ ಬಾಗಿಲಲ್ಲಿ ನಿಂತು, “ಲೇ ಭಾಷಣ, ಇದರಲ್ಲಿ ಗೋಡೆ ಕಟ್ಟಬಹುದು, ಡೋನಟ್ ಆಗಲ್ಲ” ಎಂದಳು. ಹಟಕ್ಕೆ ಕರಿದೆ. ಹೊರಗೆ ಇದ್ದಿಲು, ಒಳಗೆ ಅಂಟು. ಸೇಬಿನ ರುಚಿ ಎಲ್ಲದಕ್ಕೂ ಸಮವಾಗಿ ಹಂಚಿಹೋಗಿ ಯಾವುದಕ್ಕೂ ಸಿಕ್ಕಿರಲಿಲ್ಲ.

ಅಮ್ಮಾ, ಇಲ್ಲೊಂದು ವಿಷಯ ಒಪ್ಪಿಕೊಳ್ಳಬೇಕು. ಅಂಥ ಸೋಲಿನ ನಡುವೆ ಅಪ್ಪ ಸಿಳ್ಳೆ ಹಾಕುತ್ತ ಕೈ ತೊಳೆಯುತ್ತಿದ್ದ. ಅಜ್ಜಿ ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ, “ಹೋಗ್ಲಿ ಬಿಡು, ಅವಳೇ ಬಂದು ಮಾಡ್ತಾಳೆ” ಎಂದಳು. ನನ್ನ ಎದೆಯೂ ಹಗುರಾಗಿತ್ತು. ಆ ಕರಟಿದ ಡೋನಟ್ಟುಗಳನ್ನು ನೋಡಿ ಮೂವರೂ ಒಳಗೊಳಗೇ ಖುಷಿಪಡುತ್ತಿದ್ದೆವು. ನನಗೆ ನನ್ನ ಮೇಲೇ ಅಸಹ್ಯ ಹುಟ್ಟಿತು.

ಆ ಸಿಟ್ಟಿನಲ್ಲೇ ಹಿಟ್ಟಿನ ಡಬ್ಬಿ ಎತ್ತಿ ಕಪಾಟು ಒರೆಸಹೋದೆ. ಡಬ್ಬಿ ಅಲ್ಲಾಡದಂತೆ ನೀನು ಅಡಿಯಲ್ಲಿ ಮಡಚಿಟ್ಟಿದ್ದೆಯಲ್ಲ, ಆ ಕಾಗದ ಕೈಗೆ ಬಂತು. ಎರಡು ವರ್ಷದ ಹಿಂದೆ ನಾನು ನಿನಗೆ ಕೊಟ್ಟ ಹೆಣ್ಣಿನ ಸ್ವಾತಂತ್ರ್ಯದ ಕರಪತ್ರ! ನೀನು ತೆರೆದೂ ನೋಡಲಿಲ್ಲವೆಂದು ಎಷ್ಟು ಹಂಗಿಸಿದ್ದೆ. ಅಂಚಿನ ತುಂಬ ನಿನ್ನ ಪೆನ್ಸಿಲು. ‘ರಸ ಅರ್ಧ ಲೋಟಕ್ಕೆ ಇಳಿಯುವವರೆಗೆ, ಸಣ್ಣ ಉರಿ, ಅವಸರ ಬೇಡ. ಮಜ್ಜಿಗೆ ಅರ್ಧ ಲೋಟ. ಜಾಯಿಕಾಯಿ ಚಿಟಿಕೆ. ಕಲಸಿ ಒಂದು ಗಂಟೆ ತಣ್ಣಗಿಡು.’ ಎರಡನೇ ಪುಟದ ಅಂಚಿನಲ್ಲಿ: ‘ಮಾತು ಸರಿ. ಬರೆದವರು ಒಂದು ಪಾತ್ರೆಯನ್ನೂ ತೊಳೆದ ಹಾಗಿಲ್ಲ.’ ಕೊನೆಯ ಪುಟದಲ್ಲಿ ‘ನಿನಗೇನು ಬೇಕೆಂದು ಒಮ್ಮೆಯಾದರೂ ನಿನ್ನನ್ನೇ ಕೇಳಿಕೋ’ ಎಂಬ ಸಾಲಿಗೆ ಎರಡು ಗೆರೆ ಎಳೆದು ಪಕ್ಕದಲ್ಲಿ ಬರೆದಿದ್ದೀಯ: ‘ಕೇಳಿಕೊಂಡೆ. ಬೇಕರಿ.’

ನಾನು ಅದನ್ನು ಜೋರಾಗಿ ಓದಿದೆ. ಅಪ್ಪ ಟಬ್ಬನ್ನು ಹೊರಗಿಟ್ಟು, ಚೀಲ ಹಿಡಿದು ಕೆಳಗಿಳಿದು, ಇನ್ನೂ ನಾಲ್ಕು ಲೋಟ ರಸ ಹೊತ್ತು ಮೂರು ಮಹಡಿ ಹತ್ತಿ ಬಂದ.

ಈ ಸಲ ಮತದಾನವಿಲ್ಲ. ಒಲೆಯ ಮುಂದೆ ಸ್ಟೂಲು ಹಾಕಿ ಅಜ್ಜಿ ಕಾವಲು ಕೂತಳು. ರಸ ಬತ್ತಿ ಜೇನಿನ ಬಣ್ಣಕ್ಕೆ ಬಂದಾಗ ಮನೆಯಿಡೀ ನಿನ್ನ ಸೀರೆಯ ವಾಸನೆ ಬಂತು. ಅಪ್ಪ ಹಳೆಯ ಬೇರಿಂಗಿನ ಉಂಗುರದಿಂದ ನಡುವಿನ ತೂತು ಕತ್ತರಿಸಿದ. ಸೋಪಿನಲ್ಲಿ ತೊಳೆದದ್ದೆಂದು ಮೂರು ಸಲ ಪ್ರಮಾಣ ಮಾಡಿದ್ದಾನೆ. ಮೊದಲ ನಾಲ್ಕು ಎಣ್ಣೆ ಕುಡಿದು ಕೂತವು, ಆಮೇಲಿನವು ಉಬ್ಬಿ ತಾವಾಗಿಯೇ ಮಗುಚಿಕೊಂಡವು. ಬಿಸಿಬಿಸಿಯಾಗಿ ದಾಲ್ಚಿನ್ನಿ ಸಕ್ಕರೆಯಲ್ಲಿ ಹೊರಳಿಸಿದೆ. ಅಪ್ಪ ಒಂದನ್ನು ಕಚ್ಚಿದ, ನಿಧಾನಕ್ಕೆ ಅಗಿದ, ಆಸ್ಪತ್ರೆಯಿಂದ ಕೆಟ್ಟ ಸುದ್ದಿ ಬಂದವನ ಮುಖ ಮಾಡಿ, “ಚೆನ್ನಾಗೇ ಆಯ್ತಲ್ಲ” ಎಂದ. ಅಜ್ಜಿ ಎರಡು ತಿಂದು ಸೆರಗಿನಲ್ಲಿ ಬಾಯಿ ಒರೆಸಿ, ಕಣ್ಣನ್ನೂ ಒರೆಸಿ, ದಾಲ್ಚಿನ್ನಿ ಖಾರವಾಯಿತು ಎಂದಳು.

ಕೆಳಮನೆಯ ಟೈಲರಮ್ಮ ನಾಲ್ಕರ ಬಸ್ಸಿಗೆ ನಿಮ್ಮ ಕಡೆ ಹೊರಟಿದ್ದಾಳೆ, ಈ ಪತ್ರವೂ ಡಬ್ಬಿಯೂ ಅವಳ ಕೈಲಿ. ಡಬ್ಬಿಯಲ್ಲಿ ಎಂಟಿವೆ, ಏಳೇ ಇದ್ದರೆ ಟೈಲರಮ್ಮನನ್ನು ಕೇಳಬೇಡ. ಚಿಕ್ಕಮ್ಮನಿಗೆ ನನ್ನ ನೆನಪು ಹೇಳು, ನಗಲಿ ಪರವಾಗಿಲ್ಲ. ಅಜ್ಜಿಯ ಆಶೀರ್ವಾದ, ಅಪ್ಪನದು ಏನೋ ಇದೆ, ಹೇಳಲು ಬರುತ್ತಿಲ್ಲ.

ನಿನ್ನ ಮಗಳು,
ಭಾಷಣ

ಮತ್ತೆ: ಟೈಲರಮ್ಮ ಮೆಟ್ಟಿಲಿನಿಂದ ಕೂಗುತ್ತಿದ್ದಾಳೆ, ಚುಟುಕಾಗಿ ಹೇಳುತ್ತೇನೆ. ಹರಿದ ಮೂರು ಪತ್ರದಲ್ಲೂ ಒಂದೇ ಮಾತಿತ್ತು, ‘ಬಾ’. ಈಗ ಬರೆಯುವುದು ನಾಲ್ಕನೆಯದು: ಬೇಕರಿಗೆ ಹೂಂ ಅನ್ನು. ನಾಳೆಯೇ ಅನ್ನು. ಎಣ್ಣೆ ಕಾದ ಹದ ಹೇಗೆ ಗೊತ್ತಾಗುತ್ತದೆಂದು ಮಾತ್ರ ನೀನು ಅಂಚಿನಲ್ಲಿ ಎಲ್ಲೂ ಬರೆದಿಲ್ಲ, ಪತ್ರದಲ್ಲೂ ಬರೆಯಬೇಡ, ನಿಂತು ತೋರಿಸಬೇಕು. ನಾಲ್ಕು ದಿನ ಅವರದು. ಉಳಿದ ಮೂರು ದಿನದ ಬಗ್ಗೆ ನನ್ನ ಎಲ್ಲ ಕರಪತ್ರಗಳನ್ನೂ ತಿರುವಿ ನೋಡಿದೆ, ಯಾವುದರಲ್ಲೂ ಏನೂ ಹೇಳಿಲ್ಲ. ಆ ಮೂರು ದಿನ ನಮ್ಮದು, ಅಮ್ಮಾ. ಅಪ್ಪ ಬಸ್ ನಿಲ್ದಾಣಕ್ಕೆ ಬರುತ್ತಾನಂತೆ. ಯಾವ ದಿನವೆಂದು ಬರೆಯಬೇಕಂತೆ, ಅಷ್ಟೇ.