ಶನಿವಾರ ಮಾತ್ರ ರೈಲು ಬರುವ ಊರು

ಡಾಂಕಾಸ್ಟರ್
9 ಅಕ್ಟೋಬರ್ 2017, ಸೋಮವಾರ

ಪ್ರಿಯ ಹೆಡ್ಲಿ,

ಕ್ಷೇಮವೇ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಲಕೋಟೆಯ ಮೇಲಿನ ಕಾಗೆಕಾಲಿನ ಅಕ್ಷರ ನೋಡಿದ ಕೂಡಲೇ ಇದು ವಿಲ್ಫ್ ಗಾರ್ಬಟ್‌ನದು ಎಂದು ನಿನಗೆ ಗೊತ್ತಾಗಿರುತ್ತದೆ. ಒಡೆಯದೆ ಒಲೆಗೆ ಹಾಕಿಲ್ಲ ಎಂದರೆ ನನ್ನ ಅರ್ಧ ಕೆಲಸ ಆದಂತೆ. ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಕೈಗೆ ಪೆನ್ನು ಯಾವ ಲೆಕ್ಕ ಎಂದುಕೊಂಡಿದ್ದೆ. ಇದು ನಾಲ್ಕನೆಯ ಹಾಳೆ, ಮೊದಲ ಮೂರು ಹರಿದು ಹಾಕಿದ್ದೇನೆ.

ಮಾರ್ಚಿನಿಂದ ನಮ್ಮ ಪಬ್ಬುಗಳ ಸುತ್ತಾಟಕ್ಕೆ ಒಬ್ಬನೇ ಹೋಗುತ್ತಿದ್ದೇನೆ. ತಿಂಗಳ ಮೊದಲ ಶನಿವಾರ ಬಂತೆಂದರೆ ಕಾಲು ತಾನಾಗಿಯೇ ಸ್ಟೇಷನ್ನಿನ ಕಡೆ ಎಳೆಯುತ್ತದೆ. ನಮ್ಮ ನಿಯಮ ಮುರಿದಿಲ್ಲ. ತನ್ನದೇ ಚಿತ್ರವಿರುವ ಪೋಸ್ಟ್‌ಕಾರ್ಡ್ ಮಾರುವಷ್ಟು ಜಂಬದ ಊರಿನಲ್ಲಿ ಇಳಿಯಲೇ ಇಲ್ಲ. ಮೇ ತಿಂಗಳಲ್ಲಿ ಗೂಲ್‌ಗೆ ಹೋದೆ. ಹಡಗುಕಟ್ಟೆಯ ಹತ್ತಿರದ ಪಬ್ಬಿನಲ್ಲಿ ಬಿಯರ್ ಚೆನ್ನಾಗಿತ್ತು, ಜನ ಗೋಡೆ ನೋಡಿಕೊಂಡು ಕುಡಿಯುತ್ತಿದ್ದರು. ಜುಲೈನಲ್ಲಿ ಸ್ಲೀಫರ್ಡ್. ಅಲ್ಲಿಯ ಪಬ್ಬಿನಲ್ಲಿ ವಿನೆಗರಿನಲ್ಲಿ ನೆನೆಹಾಕಿದ ಮೊಟ್ಟೆಯೊಂದನ್ನು ಭರಣಿಯಿಂದ ತೆಗೆಸಿಕೊಂಡೆ. ಅದಕ್ಕೆ ನನಗಿಂತ ಒಂದೆರಡು ವರ್ಷ ಕಡಿಮೆ ವಯಸ್ಸಿರಬೇಕು ಎಂದು ಹೇಳಲು ಪಕ್ಕಕ್ಕೆ ತಿರುಗಿದರೆ, ಪಕ್ಕದಲ್ಲಿ ನನ್ನ ಕೋಟು ಕೂತಿತ್ತು. ಒಬ್ಬನೇ ಕುಡಿಯುವವನಿಗೆ ಗ್ಲಾಸು ತುಂಬಿಸಿ ತರುವ ಸರದಿ ಎಂಬುದೇ ಇಲ್ಲ ಕಣೋ, ಪ್ರತಿ ಸಲ ಅವನೇ ಏಳಬೇಕು. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಬೇಜಾರಾಗುತ್ತದೆ ಎಂದು ನನಗೆ ತಿಳಿದಿರಲಿಲ್ಲ.

ಮೊನ್ನೆ ಶನಿವಾರ ಮತ್ತೆ ಬ್ರಿಗ್‌ಗೆ ಹೋದೆ. ವಾರದಲ್ಲಿ ಒಂದೇ ದಿನ ರೈಲು ಬರುವ ಊರು ಎಂದೇ ನಿನಗೆ ಅದರ ಮೇಲೆ ಅಷ್ಟು ಪ್ರೀತಿ. ನಾವು ಕೊನೆಯ ಸಲ ಜೊತೆಗೆ ಕೂತದ್ದು ಅಲ್ಲೇ ಆದ್ದರಿಂದ ಇಷ್ಟು ದಿನ ಆ ಕಡೆ ತಲೆ ಹಾಕಿರಲಿಲ್ಲ.

ಆ ದಿನ ನಡೆದದ್ದನ್ನು ನಾನೇ ಬರೆದುಬಿಡುತ್ತೇನೆ, ನೀನಂತೂ ಬಾಯಿ ಬಿಡುವವನಲ್ಲ. ಬ್ರಿಗ್‌ನ 'ಲಂಗರು' ಪಬ್ಬಿನಲ್ಲಿ ಊರಿನ ನಾಲ್ವರು ನಮ್ಮ ಮೇಜಿಗೆ ಸೇರಿಕೊಂಡಿದ್ದರು. ಒಬ್ಬೊಬ್ಬರಾಗಿ ಎದ್ದು ತಮ್ಮ ದುಡ್ಡಿನಲ್ಲಿ ಎಲ್ಲರ ಗ್ಲಾಸು ತುಂಬಿಸಿಕೊಂಡು ಬಂದರು, ನಾನೂ ತಂದೆ. ಸರಿಯಾಗಿ ನಿನ್ನ ಸರದಿ ಬಂದಾಗ ನೀನು ಫೋನು ಕಿವಿಗಿಟ್ಟುಕೊಂಡು ಹಿತ್ತಲಿಗೆ ಹೋದವನು ಕಾಲು ಗಂಟೆಯಾದರೂ ಬರಲಿಲ್ಲ. ನಮ್ಮ ಜನ ಹೆಂಡತಿಯನ್ನು ಬಿಟ್ಟು ಓಡಿದವನನ್ನಾದರೂ ಕ್ಷಮಿಸುತ್ತಾರೆ, ಸರದಿ ತಪ್ಪಿಸಿದವನನ್ನಲ್ಲ. ಖಾಲಿ ಗ್ಲಾಸುಗಳ ಮುಂದೆ ಅವರ ಮುಖ ಬಿಗಿಯುತ್ತಿದ್ದುದನ್ನು ಕಂಡು ನಾನು ಬಾಯಿ ತೆರೆದೆ. ನೀನು ಟೋಪಿಗಾಗಿ ಒಳಗೆ ಬಂದು ನನ್ನ ಬೆನ್ನ ಹಿಂದೆಯೇ ನಿಂತಿದ್ದೆ.

"ಇಪ್ಪತ್ತೆರಡು ವರ್ಷದಿಂದ ನೋಡ್ತಿದೀನಿ ಕಣ್ರಪ್ಪಾ. ಕುಡಿಯೋಕೆ ಹೆಡ್ಲಿ, ಕೊಡಿಸೋಕೆ ನಾನು."

ಎಲ್ಲರೂ ನಕ್ಕರು. ನೀನು ಟೋಪಿ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಹೊರಟುಹೋದೆ. ನಾನು ಆಡಿದ್ದು ಅಪ್ಪಟ ಸುಳ್ಳು. ಜ್ವರದಲ್ಲಿ ನಡುಗುತ್ತಿದ್ದ ದಿನವೂ ನೀನು ಎದ್ದು ಹೋಗಿ ನನ್ನ ಗ್ಲಾಸು ತುಂಬಿಸಿ ತಂದವನು.

ಮೊನ್ನೆ ನನ್ನನ್ನು ಕಂಡ ಕೂಡಲೇ ಪಬ್ಬಿನ ಒಡತಿ ಡಾಟ್ ಬ್ರಾಟನ್ ಕೈಯಲ್ಲಿದ್ದ ಬಟ್ಟೆಯನ್ನು ಪಕ್ಕಕ್ಕೆ ಎಸೆದಳು. ನಿನಗೆ ಮಾತು ಕೊಟ್ಟಿದ್ದಳಂತೆ, ಏಳು ತಿಂಗಳು ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಸಾಕಾಯಿತಂತೆ. ನಿನ್ನ ಹೆಂಡತಿ ನೋರೀನ್ ಮನೆಯೊಳಗಿನ ಚಪ್ಪಲಿಯಲ್ಲೇ ಹೆದ್ದಾರಿಗೆ ಹೋಗಿಬಿಟ್ಟಿದ್ದಾಳೆ ಎಂದು ಅಂದು ಪಕ್ಕದ ಮನೆಯವರು ನಿನಗೆ ಫೋನು ಮಾಡಿದ್ದನ್ನು ಹೇಳಿದಳು. ನಿನಗೆ ಟ್ಯಾಕ್ಸಿ ಕರೆಸಿಕೊಟ್ಟದ್ದೂ ಡಾಟ್‌ಳೇ ಅಂತೆ.

"'ವಿಲ್ಫ್‌ಗೆ ಹೇಳ್ಬೇಡಿ, ಪಾಪ, ಅವನ ಶನಿವಾರ ಯಾಕೆ ಹಾಳಾಗ್ಬೇಕು' ಅಂದ್ರು ಕಣ್ರೀ," ಎಂದಳು ಡಾಟ್. "ಹಾಗಂದು ಒಳಗೆ ಬಂದ್ರೆ ಅಲ್ಲಿ ನಿಮ್ಮ ಭಾಷಣ."

ಆ ನಾಲ್ವರೂ ಅಲ್ಲೇ ಕೂತಿದ್ದರು. ಎದ್ದು ನಿಂತು, ಅಂದು ನಾನು ಹೇಳಿದ್ದು ಸುಳ್ಳು ಎಂದು ಅವರಿಗೆ ಹೇಳಿದೆ. ಒಬ್ಬನೂ ನಗಲಿಲ್ಲ. ಬಿಯರ್ ಮುಟ್ಟದೆ ಬಂದುಬಿಟ್ಟೆ.

ನೋರೀನ್ ವಿಷಯ ಆ ದಿನ ನನಗೆ ಗೊತ್ತಿದ್ದರೆ ನಾನು ಹಾಗೆ ಆಡುತ್ತಿರಲಿಲ್ಲ, ಹೆಡ್ಲಿ. ಇಪ್ಪತ್ತೆರಡು ವರ್ಷ ಬಿಯರು, ರೈಲಿನ ವೇಳೆ, ಫುಟ್‌ಬಾಲ್ ಎಲ್ಲ ಮಾತಾಡಿದೆವು, ಮನೆಯಲ್ಲಿ ಹೇಗಿದ್ದಾರೆ ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಅವನಾಗಿ ಹೇಳಲಿ ಎಂದು ನಾನು, ಅವನಾಗಿ ಕೇಳಲಿ ಎಂದು ನೀನು. ಇದನ್ನೇ ಮರ್ಯಾದೆ ಎಂದುಕೊಂಡಿದ್ದೆವು. ಬೆಂಕಿ ಹಾಕಬೇಕು ಇಂಥ ಮರ್ಯಾದೆಗೆ.

ಟಿಕೆಟ್ ಕಿಟಕಿಯವಳನ್ನು ವಿಚಾರಿಸಿದೆ, ಮಾರ್ಚಿನಿಂದ ನೀನು ಸ್ಟೇಷನ್ನಿನಲ್ಲೇ ಕಂಡಿಲ್ಲವಂತೆ. ಹಾಗಾಗಿ ಕೇಳು. ಬರುವ ಶನಿವಾರ ಬೆಳಿಗ್ಗೆ ಎಂಟಕ್ಕೆ ನಾನು ನಿನ್ನ ಮನೆಗೆ ಬರುತ್ತೇನೆ. ಇಬ್ಬರೂ ಸೇರಿ ಹೋಗುವುದಕ್ಕಲ್ಲ. ನೀನು ಬ್ರಿಗ್‌ಗೆ ಹೋಗಿ ಬಾ, ನಾನು ನೋರೀನ್ ಜೊತೆ ಕೂತಿರುತ್ತೇನೆ. ನನಗೆ ಚಹಾ ಮಾಡಲು ಬರುತ್ತದೆ, ಬಾಗಿಲಿಗೆ ಚಿಲಕ ಹಾಕಲು ಬರುತ್ತದೆ, ಅವಳು ಒಂದೇ ಪ್ರಶ್ನೆಯನ್ನು ನಲವತ್ತು ಸಲ ಕೇಳಿದರೂ ಉತ್ತರ ಕೊಡುವಷ್ಟು ತಾಳ್ಮೆ ಬಸ್ಸಿನ ಪ್ರಯಾಣಿಕರು ನನಗೆ ಕಲಿಸಿದ್ದಾರೆ. ಸಂಜೆ ಬಂದು ಬಿಯರ್ ಹೇಗಿತ್ತು ಎಂದು ಹೇಳಿದರೆ ಸಾಕು. ನನ್ನ ಮುಖ ನೋಡುವುದು ಬೇಡವೆನಿಸಿದರೆ ಬಾಗಿಲು ತೆರೆಯಬೇಡ. ಹತ್ತು ನಿಮಿಷ ನಿಂತು ಹೊರಟುಹೋಗುತ್ತೇನೆ, ಗಂಟೆಯನ್ನು ಎರಡನೇ ಸಲ ಒತ್ತುವುದಿಲ್ಲ.

ನಿನ್ನವನೇ ಎಂದು ಇನ್ನೂ ಅಂದುಕೊಂಡಿರುವ,
ವಿಲ್ಫ್

ತಾ.ಕ.: ಗೊತ್ತಿದ್ದರೆ ಹಾಗೆ ಆಡುತ್ತಿರಲಿಲ್ಲ ಎಂದು ಮೇಲೆ ಬರೆದೆನಲ್ಲ, ಅದೂ ಸುಳ್ಳು. ನನಗೆ ಗೊತ್ತಿತ್ತು. ಬ್ರಿಗ್‌ಗೆ ಹೋಗುವ ಮೂರು ವಾರ ಮೊದಲು ಮಾರುಕಟ್ಟೆಯ ಮೀನಿನಂಗಡಿ ಮುಂದೆ ನೋರೀನ್ ನಿಂತಿದ್ದಳು. ಮನೆಯ ದಾರಿಯೂ ನೆನಪಿರಲಿಲ್ಲ, ನಾನು ಯಾರೆಂಬುದೂ ನೆನಪಿರಲಿಲ್ಲ. ಬಸ್ಸಿನಲ್ಲಿ ಕರೆತಂದು, ಅವಳನ್ನು ನಿಮ್ಮ ಬಾಗಿಲಲ್ಲಿ ನಿಲ್ಲಿಸಿ ಗಂಟೆ ಒತ್ತಿ, ನೀನು ತೆರೆಯುವ ಮೊದಲೇ ಬೀದಿಯ ತಿರುವು ದಾಟಿಬಿಟ್ಟೆ. ನೀನು ಹೇಳದೇ ಇದ್ದದ್ದನ್ನು ತಿಳಿದುಕೊಂಡುಬಿಟ್ಟೆನಲ್ಲ ಎಂಬ ನಾಚಿಕೆ. ಆಮೇಲೆ ಮೂರು ವಾರ ನೀನಾಗಿ ಹೇಳುತ್ತೀಯೆಂದು ಕಾದೆ. ಬ್ರಿಗ್‌ನ ರೈಲಿನಲ್ಲಿ ಪಕ್ಕದಲ್ಲೇ ಕೂತಿದ್ದರೂ ನೀನು ಹೇಳಲಿಲ್ಲ. ಆ ಸಿಟ್ಟೇ ಪಬ್ಬಿನಲ್ಲಿ ನನ್ನ ಬಾಯಿಂದ ಬಂದದ್ದು. ಇದನ್ನು ಸಹಿಯ ಮೇಲೆ ಬರೆಯುವ ಧೈರ್ಯ ಬರಲಿಲ್ಲ.

ಅಂದು ಬಸ್ಸಿನಲ್ಲಿ ನೋರೀನ್ ನನ್ನ ತೋಳು ಹಿಡಿದುಕೊಂಡು, ಅಪರಿಚಿತನಿಗೆ ಹೇಳುವಂತೆ ಹೇಳಿದಳು: "ನಮ್ಮನೇಲಿ ಒಬ್ರಿದಾರೆ, ತುಂಬಾ ಒಳ್ಳೆಯವ್ರು. ಕೆಲವು ಶನಿವಾರ ಮಾತ್ರ ಎಲ್ಲಿಗೋ ಹೋಗ್ಬಿಡ್ತಾರೆ. ಎಲ್ಲಿಗೆ ಅಂತ ನಂಗೆ ಯಾರೂ ಹೇಳಲ್ಲ." ಇಪ್ಪತ್ತೆರಡು ವರ್ಷ ನಿನ್ನ ಜೊತೆಗೆ ಹೋದವನೇ ಅವಳ ಪಕ್ಕ ಕೂತು ತುಟಿ ಬಿಚ್ಚಲಿಲ್ಲ. ಬಾಗಿಲು ತೆರೆ, ಹೆಡ್ಲಿ. ಈ ಶನಿವಾರ ಅವಳಿಗೆ ಹೇಳುತ್ತೇನೆ, ಮೊದಲನೆಯ ಊರಿನಿಂದ ಶುರುಮಾಡಿ, ಒಂದನ್ನೂ ಬಿಡದೆ.